ನಮ್ಮದೇ ಜಾಲತಾಣದ ಜಾಹೀರಾತಿನ ಮೇಲೆ ಕೈತಪ್ಪಿ ಬಿದ್ದ ಕ್ಲಿಕ್: ಮುಂದೇನು?

ಮೇಳದ ಪಟ್ಟಿ, ಬ್ರಹ್ಮಾವರ

ಎಲ್ಲರಿಗೂ ನಮಸ್ಕಾರ. ಯಾವ ಯಕ್ಷಗಾನ ಮೇಳದ ಆಟ ಯಾವ ರಾತ್ರಿ ಯಾವ ಊರಿನಲ್ಲಿ ಎಂಬುದನ್ನು ದಿನವೂ ತಿಳಿಸುವ ಒಂದು ಸಣ್ಣ ಜಾಲತಾಣವನ್ನು ನಾನು ನಡೆಸುತ್ತಿದ್ದೇನೆ. ಪುಟಗಳಲ್ಲಿ ಗೂಗಲ್ ಆಡ್‌ಸೆನ್ಸ್‌ನ ಜಾಹೀರಾತುಗಳಿವೆ; ಅವನ್ನು ತೋರಿಸಿದ್ದಕ್ಕೆ ಗೂಗಲ್ ನಮಗೆ ಹಣ ಕೊಡುತ್ತದೆ. ಮೇಳಗಳು ತಿರುಗಾಟಕ್ಕೆ ಹೊರಡುವ ನವೆಂಬರಿನಿಂದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಓದುಗರು ಬರುತ್ತಾರೆ, ಮಳೆಗಾಲದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ವರ್ಷದ ಗಳಿಕೆಯೆಲ್ಲ ಈ ಆರು ತಿಂಗಳಿನಲ್ಲಿಯೇ ಆಗಬೇಕು.

ಕಳೆದ ಶುಕ್ರವಾರ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗುತ್ತಿದ್ದಾಗ ಒಂದು ಹರಕೆ ಆಟದ ಸ್ಥಳ ಬದಲಾಗಿದೆಯೆಂದು ಫೋನ್ ಬಂತು. ತಿದ್ದುಪಡಿ ಮಾಡಿ, ಅದು ಪುಟದಲ್ಲಿ ಸರಿಯಾಗಿ ಕಾಣಿಸುತ್ತಿದೆಯೇ ಎಂದು ಮೊಬೈಲಿನಲ್ಲಿ ನೋಡುತ್ತಿದ್ದೆ. ಪಡುಬಿದ್ರಿ ದಾಟಿದ ಮೇಲೆ ಚಾಲಕರು ಹಾಕಿದ ಒಂದು ಬ್ರೇಕಿಗೆ ನನ್ನ ಹೆಬ್ಬೆರಳು ಪರದೆಯ ಅಡಿಯಲ್ಲಿ ಅಂಟಿಕೊಂಡಿರುವ ಜಾಹೀರಾತಿನ ಮೇಲೆ ಬಿದ್ದು, ಯಾವುದೋ ಪೀಠೋಪಕರಣದ ಅಂಗಡಿ ತೆರೆದುಕೊಂಡಿತು. ಗಾಬರಿಯಿಂದ ಹಿಂದಕ್ಕೆ ಬಂದು, ಆ ಜಾಹೀರಾತನ್ನು ಮಡಚುವ ಸಣ್ಣ ಬಾಣದ ಗುರುತನ್ನು ಒತ್ತಲು ಹೋಗಿ ಜಾಹೀರಾತನ್ನೇ ಇನ್ನೊಮ್ಮೆ ಒತ್ತಿದೆ. ಒಂದೇ ನಿಮಿಷದಲ್ಲಿ ಎರಡು ಕ್ಲಿಕ್, ಅದೂ ನನ್ನದೇ ಫೋನಿನಿಂದ.

ಅಂದಿನಿಂದ ನಿದ್ದೆ ಸರಿಯಾಗಿಲ್ಲ. ಖಾತೆ ರದ್ದಾಗುತ್ತದೆಯೇ? ನಾನೇ ಮೊದಲು ಗೂಗಲ್‌ಗೆ ಬರೆದು ತಪ್ಪೊಪ್ಪಿಕೊಳ್ಳಬೇಕೇ, ಅಥವಾ ಸುಮ್ಮನಿದ್ದರೆ ಒಳ್ಳೆಯದೇ? ಸದ್ಯಕ್ಕೆ ಎಲ್ಲ ಜಾಹೀರಾತುಗಳನ್ನೂ ತೆಗೆದುಹಾಕಿದ್ದೇನೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಸರ್ವರ್ ಕೆಲಸ, ಸುರತ್ಕಲ್

ಮೇಳದ ಪಟ್ಟಿಯವರೇ, ಮೊದಲು ತೆಗೆದ ಜಾಹೀರಾತುಗಳನ್ನು ಮತ್ತೆ ಹಾಕಿ. ಎರಡು ಕ್ಲಿಕ್ಕಿಗೆ ಹೆದರಿ ಆಟದ ಮಧ್ಯೆ ವೇಷ ಕಟ್ಟುವ ಚೌಕಿಗೆ ಓಡಬೇಕಾಗಿಲ್ಲ.

ನಿಯಮ ಕಟ್ಟುನಿಟ್ಟಾಗಿಯೇ ಇದೆ: ಪ್ರಕಾಶಕರು, ಅಂದರೆ ತಾಣ ನಡೆಸುವವರು, ತಮ್ಮ ತಾಣದ ಜಾಹೀರಾತನ್ನು ಯಾವ ಕಾರಣಕ್ಕೂ ಒತ್ತಬಾರದು. ಜಾಹೀರಾತುದಾರರು ಕೊಳ್ಳುವ ಆಸಕ್ತಿಯುಳ್ಳವರ ಭೇಟಿಗಾಗಿ ಹಣ ಕೊಡುತ್ತಾರೆ. ನೀವು ಬಸ್ಸಿನಲ್ಲಿ ಒತ್ತಿದ ಕ್ಲಿಕ್ಕಿನಿಂದ ಆ ಪೀಠೋಪಕರಣದ ಅಂಗಡಿಯವರಿಗೆ ಒಂದು ಮಂಚವೂ ಮಾರಾಟವಾಗುವುದಿಲ್ಲ. ಆದರೆ ಕೈತಪ್ಪುವುದು ಮನುಷ್ಯ ಸಹಜವೆಂಬುದು ನಿಯಮ ಬರೆದವರಿಗೂ ಗೊತ್ತಿದೆ. ಹಾಗೆ ಆದಾಗಲೆಲ್ಲ ತಮಗೆ ಬರೆಯುವ ಅಗತ್ಯವಿಲ್ಲವೆಂದು ಗೂಗಲ್ ತನ್ನ ಸಹಾಯ ಪುಟದಲ್ಲಿಯೇ ಹೇಳಿದೆ. ಅಲ್ಲಿಯ ಯಂತ್ರವ್ಯವಸ್ಥೆ ಪ್ರತಿಯೊಂದು ಕ್ಲಿಕ್ಕನ್ನೂ ಸೋಸುತ್ತದೆ. ಆ ಹೊತ್ತಿನಲ್ಲಿ ತಪ್ಪಿಸಿಕೊಂಡದ್ದನ್ನು ಅನಂತರದ ಪರಿಶೀಲನೆಯಲ್ಲಿ ಹಿಡಿಯುತ್ತಾರೆ. ಒಂದೇ ಜಾಹೀರಾತನ್ನು ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಒತ್ತಿದಾಗ ಎರಡನೆಯದು ಬೆಲೆಯಿಲ್ಲದ ಕ್ಲಿಕ್ ಎಂಬುದು ಇಂಥ ಸೋಸುವಿಕೆಯ ತೀರಾ ಸಾಮಾನ್ಯ ಉದಾಹರಣೆ. ನಿಮ್ಮದು ಅದೇ.

ಇದರಿಂದಾಗಿಯೇ ತಿಂಗಳಿಡೀ ನಾವು ನೋಡುವ ಗಳಿಕೆಗೆ ಅಂದಾಜು ಗಳಿಕೆ ಎಂದು ಹೆಸರು. ಮುಂದಿನ ತಿಂಗಳ ಆರಂಭದಲ್ಲಿ ಅದು ಅಂತಿಮಗೊಳ್ಳುವಾಗ ಅಸಿಂಧು ಕ್ಲಿಕ್ಕುಗಳ ಹಣವನ್ನು ಕಳೆಯುತ್ತಾರೆ. ಪಾವತಿ ವಿಭಾಗದ ವಹಿವಾಟಿನ ಪಟ್ಟಿಯಲ್ಲಿ ಒಂದು ಸಾಲಿನ ಕಡಿತ ಕಾಣಿಸಿದರೆ ಅದು ದಂಡವಲ್ಲ, ಲೆಕ್ಕದ ತಿದ್ದುಪಡಿ. ಅದನ್ನು ಕಂಡು ಹೌಹಾರಬೇಡಿ.

ಹಾಗಾದರೆ ಬರೆಯಬೇಕಾದದ್ದು ಯಾವಾಗ? ನಿಮ್ಮಿಂದಾಗದೆ, ಎಲ್ಲಿಂದಲೋ ಕ್ಲಿಕ್ಕುಗಳು ಹರಿದು ಬರುತ್ತಿವೆಯೆಂದು ಅನ್ನಿಸಿದಾಗ. ದಿನಕ್ಕೆ ನಾಲ್ಕೈದು ಕ್ಲಿಕ್ ಕಾಣುತ್ತಿದ್ದ ಪುಟದಲ್ಲಿ ಒಂದು ಮಧ್ಯಾಹ್ನ ಎಪ್ಪತ್ತು ಕಂಡರೆ, ಸರ್ವರಿನ ದಾಖಲೆಯಿಂದ ದಿನಾಂಕ, ಸಮಯ, ಪುಟ ಹಾಗೂ ಐಪಿ ವಿಳಾಸಗಳನ್ನು ತೆಗೆದು, ಅಸಿಂಧು ಕ್ಲಿಕ್ ವರದಿಗೆಂದೇ ಇರುವ ನಮೂನೆಯಲ್ಲಿ ತುಂಬಿಸಿ ಕಳುಹಿಸಬೇಕು. ಉತ್ತರ ಬಾರದಿದ್ದರೆ ಬೇಸರ ಬೇಡ. ನೀವು ತಿಳಿಸಿದ್ದೀರಿ ಎಂಬ ದಾಖಲೆ ಉಳಿಯುತ್ತದೆ. ನಿಮ್ಮ ಈ ಶುಕ್ರವಾರದ ಸಂಗತಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ತೆಂಕಪೇಟೆ ಓದುಗ, ಉಡುಪಿ

ನಾನು ಮೊದಲ ವರ್ಷ ಹೀಗೆ ಕೈತಪ್ಪಿದಾಗಲೆಲ್ಲ ಕ್ಷಮಾಪಣೆ ಪತ್ರ ಬರೆಯುತ್ತಿದ್ದೆ. ಒಂದು ವಾರದಲ್ಲಿ ಐದು ಬರೆದದ್ದೂ ಇದೆ. ಈಗ ಯೋಚಿಸಿದರೆ, ಐದು ಸಲ ಕೈತಪ್ಪುವವನ ತಾಣದಲ್ಲಿ ದೋಷವಿರುವುದು ಕೈಯಲ್ಲಲ್ಲ, ಪುಟದ ಜೋಡಣೆಯಲ್ಲಿ ಎಂದು ನನಗೇ ಹೊಳೆಯಬೇಕಿತ್ತು.

ಪತ್ರೊಡೆ ಅಕ್ಕ, ಕದ್ರಿ

ಮೇಳದ ಪಟ್ಟಿಯವರ ಎರಡು ಕ್ಲಿಕ್ಕಿನ ಕಥೆ ಓದಿ ನನಗೆ ನಮ್ಮ ಮನೆಯ ಎರಡು ನೂರು ಕ್ಲಿಕ್ಕಿನ ಕಥೆ ನೆನಪಾಯಿತು. ಅದು ಬೇರೊಂದು ಜಾಹೀರಾತು ಸಂಸ್ಥೆಯ ಖಾತೆ. ಹೆಸರು ಬೇಡ, ಏಕೆಂದರೆ ತಪ್ಪು ಅವರದಾಗಿರಲಿಲ್ಲ.

ನನ್ನದು ಅಡುಗೆಯ ತಾಣ. ಮಳೆಗಾಲದ ಆಟಿ ತಿಂಗಳಿನಲ್ಲಿ ಪತ್ರೊಡೆಯ ಲೇಖನ ಹಾಕಿದಾಗ ಪ್ರತಿವರ್ಷ ಸ್ವಲ್ಪ ಹೆಚ್ಚು ಓದುಗರು ಬರುತ್ತಾರೆ. ಆ ವರ್ಷ ನಾನು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಂಡಿಯನ್ನು ಹಂಚಿದೆ, ಅಷ್ಟೇ. ನಮ್ಮ ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದಲ್ಲಿ ಗಟ್ಟಿಗರು. ಅವರು ಎಲ್ಲಿಯೋ ಓದಿದ್ದರಂತೆ, ಜಾಹೀರಾತು ಒತ್ತಿದರೆ ತಾಣದವರಿಗೆ ಹಣ ಬರುತ್ತದೆಯೆಂದು. ಕೂಡಲೇ ಗುಂಪಿನಲ್ಲಿ ಅಪ್ಪಣೆ ಹೊರಡಿಸಿದರು: "ಮಗು ಕಷ್ಟಪಟ್ಟು ಬರೆಯುತ್ತಾಳೆ, ಓದಿದವರೆಲ್ಲರೂ ಪ್ರತಿಯೊಂದು ಜಾಹೀರಾತನ್ನು ಒಮ್ಮೆಯಾದರೂ ಒತ್ತಬೇಕು, ಒತ್ತಿದವರು ಇಲ್ಲಿ ಹೇಳಬೇಕು." ಮುಂಬಯಿಯ ಚಿಕ್ಕಮ್ಮ ಒತ್ತಿದರು, ದುಬೈಯ ಭಾವ ಒತ್ತಿದರು, ಮನೆಯ ವೈಫೈಯಲ್ಲಿ ಕುಳಿತು ಮಕ್ಕಳು ಪಂದ್ಯ ಕಟ್ಟಿ ಒತ್ತಿದರು. ನಾನು ಆ ದಿನ ಒಂದು ಮದುವೆಯಲ್ಲಿದ್ದೆ. ಸಂಜೆ ಫೋನ್ ತೆರೆದಾಗ ಗುಂಪಿನಲ್ಲಿ "ಆಯಿತು", "ನಾನೂ ಒತ್ತಿದೆ" ಎಂಬ ಸಂದೇಶಗಳು ಊಟದ ಪಂಕ್ತಿಯ ಹಾಗೆ ಉದ್ದಕ್ಕೆ ಸಾಲಾಗಿದ್ದವು.

ಆಗ ನಾನು ಮಾಡಿದ ತಪ್ಪೆಂದರೆ ಸುಮ್ಮನಿದ್ದದ್ದು. ಆ ತಿಂಗಳ ಗಳಿಕೆಯ ಅಂಕಿ ಏರಿದ್ದನ್ನು ಕಂಡು ಒಳಗೊಳಗೇ ಸ್ವಲ್ಪ ಖುಷಿಯೂ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಹದಿನೈದು ದಿನಗಳಾದ ಮೇಲೆ ಖಾತೆಯನ್ನು ನಿಲ್ಲಿಸಿ, ಉಳಿದಿದ್ದ ಹಣವನ್ನು ಜಾಹೀರಾತುದಾರರಿಗೆ ಹಿಂದಿರುಗಿಸುವುದಾಗಿ ತಿಳಿಸಿದರು. ಮನವಿ ಸಲ್ಲಿಸುವಾಗ "ನನಗೇನೂ ಗೊತ್ತಿಲ್ಲ" ಎಂದು ಬರೆದೆ. ಅದು ಅರ್ಧ ಸುಳ್ಳು, ಮನವಿಯೂ ತಿರಸ್ಕೃತವಾಯಿತು. ಅಂದೇ ಸಂಜೆ ನಡೆದದ್ದನ್ನು ಇದ್ದ ಹಾಗೆ ಬರೆದು ಕಳುಹಿಸಿದ್ದರೆ ಏನಾಗುತ್ತಿತ್ತೋ, ಆ ಪ್ರಶ್ನೆ ಈಗಲೂ ಮನಸ್ಸಿನಲ್ಲಿದೆ. ದೊಡ್ಡಪ್ಪನವರಿಗೆ ಇಂದಿಗೂ ವಿಷಯ ಹೇಳಿಲ್ಲ.

ಆದುದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಕೈಯನ್ನು ನೀವು ಕಾಯುತ್ತೀರಿ, ಸರಿ. ಪ್ರೀತಿಯಿಂದ ಒತ್ತುವವರನ್ನೂ ಕಾಯಬೇಕು. ಕೊಂಡಿ ಹಂಚುವಾಗಲೇ ಜಾಹೀರಾತಿನ ಗೋಜಿಗೆ ಹೋಗಬೇಡಿ ಎಂದು ಮನೆಯವರಿಗೆ ಒಮ್ಮೆ ಹೇಳಿಬಿಡಿ.

ತೆಂಕಪೇಟೆ ಓದುಗ, ಉಡುಪಿ

ಅಕ್ಕ, ದೊಡ್ಡಪ್ಪನವರ ಅಪ್ಪಣೆ ಓದಿ ನಕ್ಕೆನಾದರೂ ಮನಸ್ಸಿಗೆ ಬೇಸರವಾಯಿತು. ಒಂದು ಸಂದೇಹ. ಆಡ್‌ಸೆನ್ಸ್ ಈಗ ಕ್ಲಿಕ್ಕಿಗೆ ಬದಲಾಗಿ ಜಾಹೀರಾತು ಕಾಣಿಸಿದ್ದಕ್ಕೆ ಹಣ ಕೊಡುತ್ತದೆಯೆಂದು ಓದಿದ್ದೇನೆ. ಹಾಗಿದ್ದರೆ ಕ್ಲಿಕ್ಕಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಈಗಲೂ ಅಗತ್ಯವೇ?

ಸರ್ವರ್ ಕೆಲಸ, ಸುರತ್ಕಲ್

ಅಗತ್ಯವೇ. ಆ ಬದಲಾವಣೆಯನ್ನು 2023ರ ನವೆಂಬರಿನಲ್ಲಿ ಪ್ರಕಟಿಸಿ 2024ರ ಆರಂಭದಲ್ಲಿ ಜಾರಿಗೆ ತಂದರು. ಜಾಹೀರಾತುದಾರರ ಪರವಾಗಿ ಜಾಗ ಕೊಳ್ಳುವ ವೇದಿಕೆ ತನ್ನ ಶುಲ್ಕವನ್ನು ಕಳೆದ ಮೇಲೆ ಉಳಿಯುವ ಹಣದಲ್ಲಿ ಶೇಕಡಾ 80ರಷ್ಟು ಪ್ರಕಾಶಕರಿಗೆ. ಒಟ್ಟಾರೆ ಲೆಕ್ಕದಲ್ಲಿ ಅದು ಮೊದಲಿನ ಶೇಕಡಾ 68ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನಮಗೆ ಹಣ ಬರುವ ಬಗೆ ಬದಲಾಗಿದೆಯೇ ಹೊರತು, ಎಷ್ಟೋ ಜಾಹೀರಾತುದಾರರು ಇಂದಿಗೂ ಕ್ಲಿಕ್ಕಿನ ಲೆಕ್ಕದಲ್ಲಿಯೇ ಹಣ ಕಟ್ಟುತ್ತಾರೆ. ಸ್ವಂತ ಕ್ಲಿಕ್ಕಿನ ನಿಷೇಧ ಸಡಿಲವಾಗಿಲ್ಲ. ಅದರ ಮೇಲೆ, ತನ್ನದೇ ಪುಟವನ್ನು ಸುಮ್ಮಸುಮ್ಮನೆ ನೂರು ಸಲ ರಿಫ್ರೆಶ್ ಮಾಡುವುದೂ ಕೃತಕವಾಗಿ ಎಣಿಕೆ ಏರಿಸಿದ ಹಾಗೆಯೇ. ತಿದ್ದುಪಡಿ ನೋಡಲು ತೆರೆಯುವುದಕ್ಕೆ ಯಾರ ಆಕ್ಷೇಪವೂ ಇಲ್ಲ.

ಛಾಯಾಚಿತ್ರ, ಮಲ್ಪೆ

ನನ್ನದು ಕಡಲು, ದೋಣಿ, ಕಂಬಳಗಳ ಚಿತ್ರಗಳ ತಾಣ, ತಾಣ ಕಟ್ಟುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿದೆ. ಸ್ವಂತ ಜಾಹೀರಾತು ನನ್ನ ಕಣ್ಣಿಗೇ ಬೀಳದ ಹಾಗೆ ಮಾಡಿಕೊಳ್ಳುವುದು ಸುಲಭವೆಂದುಕೊಂಡು ಹೊರಟೆ. ಲಾಗಿನ್ ಆಗಿರುವವರಿಗೆ ಜಾಹೀರಾತು ತೋರಿಸಬೇಡ ಎಂಬ ಆಯ್ಕೆ ಅದಕ್ಕೆ ಜೋಡಿಸುವ ಹಲವು ಜಾಹೀರಾತು ಪ್ಲಗಿನ್‌ಗಳಲ್ಲಿದೆ. ಅದನ್ನು ಒತ್ತಿದೆ, ಜಾಹೀರಾತು ಮಾಯವಾಯಿತು, ನೆಮ್ಮದಿಯಾಯಿತು. ನಾಲ್ಕು ದಿನ ಕಳೆದ ಮೇಲೆ ಗಳಿಕೆ ನೋಡಿದರೆ ಸೊನ್ನೆ. ಪುಟ ಬೇಗ ತೆರೆಯಲೆಂದು ಅದರ ಸಿದ್ಧ ಪ್ರತಿಯನ್ನು ಉಳಿಸಿಡುವ ಕ್ಯಾಶ್ ಪ್ಲಗಿನ್ನಿನಲ್ಲಿ ಲಾಗಿನ್ ಆದವರ ಪುಟಗಳನ್ನೂ ಉಳಿಸಿಡುವ ಆಯ್ಕೆಯನ್ನು ನಾನೇ ಹಿಂದೆಂದೋ ಹಾಕಿಟ್ಟಿದ್ದೆ. ನನಗಾಗಿ ತಯಾರಾದ ಜಾಹೀರಾತಿಲ್ಲದ ಪ್ರತಿಯನ್ನೇ ಅದು ಊರಿಗೆಲ್ಲ ಬಡಿಸುತ್ತಿತ್ತು. ಆದ್ದರಿಂದ ಇಂಥ ವ್ಯವಸ್ಥೆ ಮಾಡಿದವರು ಬೇರೊಬ್ಬರ ಫೋನಿನಲ್ಲಿ ಪುಟ ತೆರೆದು ಜಾಹೀರಾತು ಬರುತ್ತಿದೆಯೇ ಎಂದು ಒಮ್ಮೆ ನೋಡಲೇಬೇಕು. ನೋಡಿದರೆ ಸಾಕು, ಒತ್ತಬಾರದು.

ಇನ್ನೊಂದು ಬಿರುಕು ನನಗೆ ತಡವಾಗಿ ಕಂಡಿತು. ಫೇಸ್‌ಬುಕ್ಕಿನಲ್ಲಿ ನಾವೇ ಹಂಚಿದ ಕೊಂಡಿಯನ್ನು ನಾವೇ ಒತ್ತಿದಾಗ ಪುಟ ಆ ಆ್ಯಪಿನೊಳಗಿನ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿ ನಾವು ನಮ್ಮ ತಾಣಕ್ಕೆ ಲಾಗಿನ್ ಆಗಿರುವುದಿಲ್ಲ, ಜಾಹೀರಾತುಗಳೆಲ್ಲ ಎದುರಿಗೆ ನಿಂತಿರುತ್ತವೆ. ಬಸ್ಸಿನಲ್ಲಿ ಕೈತಪ್ಪುವುದು ಹೆಚ್ಚಾಗಿ ಇಂಥಲ್ಲಿಯೇ.

ಮೇಳದ ಪಟ್ಟಿ, ಬ್ರಹ್ಮಾವರ

ಎಲ್ಲರಿಗೂ ಕೃತಜ್ಞತೆಗಳು. ಜಾಹೀರಾತುಗಳನ್ನು ಮತ್ತೆ ಹಾಕಿದ್ದೇನೆ. ನನ್ನ ತಾಣ ವರ್ಡ್‌ಪ್ರೆಸ್ ಅಲ್ಲ, ಒಬ್ಬ ವಿದ್ಯಾರ್ಥಿ ಕೈಯಾರೆ ಬರೆದುಕೊಟ್ಟ ಪುಟಗಳು. ಲಾಗಿನ್ ಎಂಬುದೇ ಅದರಲ್ಲಿಲ್ಲ. ಇಂಥವರಿಗೆ ದಾರಿಯೇನು? ಇನ್ನೊಂದು: ಆಗಾಗ ವಿಚಿತ್ರವಾದ ಜಾಹೀರಾತುಗಳು ಕಾಣಿಸುತ್ತವೆ, ಅವು ಯಾರವು ಎಂದು ತಿಳಿಯಲು ಒತ್ತದೆ ಬೇರೆ ಉಪಾಯವಿದೆಯೇ?

ಸರ್ವರ್ ಕೆಲಸ, ಸುರತ್ಕಲ್

ಎರಡನೆಯದಕ್ಕೆ ಮೊದಲು ಉತ್ತರ. ಜಾಹೀರಾತಿನಲ್ಲಿ ಕಾಣುವ ವಿಳಾಸವನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ ತೆರೆಯಬಹುದು, ಅದರಲ್ಲಿ ದೋಷವಿಲ್ಲ. ನಿಮ್ಮ ತಾಣದಲ್ಲಿ ಕಾಣಿಸಿಕೊಂಡ ಜಾಹೀರಾತುಗಳನ್ನು ನೋಡಿ, ಬೇಡವಾದವನ್ನು ತಡೆಯಲು ಆಡ್‌ಸೆನ್ಸ್ ಖಾತೆಯೊಳಗೇ ಜಾಹೀರಾತು ಪರಿಶೀಲನಾ ಕೇಂದ್ರವಿದೆ.

ಕೈಬರಹದ ಪುಟಗಳಿಗೆ ಎರಡು ದಾರಿಗಳಿವೆ. ಹೊಸ ವಿನ್ಯಾಸವನ್ನು ಪರೀಕ್ಷಿಸುವಾಗ ಜಾಹೀರಾತಿನ ಕೋಡಿನಲ್ಲಿ ಡೇಟಾ-ಆಡ್‌ಟೆಸ್ಟ್ ಎಂಬ ಗುಣವನ್ನು ಸೇರಿಸಿ ಅದಕ್ಕೆ "ಆನ್" ಎಂಬ ಬೆಲೆ ಕೊಟ್ಟರೆ, ಆಗ ಬರುವ ಜಾಹೀರಾತುಗಳು ಪರೀಕ್ಷೆಯವೆಂದು ಪರಿಗಣಿತವಾಗಿ ಯಾವ ಎಣಿಕೆಗೂ ಸೇರುವುದಿಲ್ಲ. ಪುಟ ಪ್ರಕಟವಾಗುವ ಮುನ್ನ ಅದನ್ನು ತೆಗೆಯಲು ಮರೆತರೆ ಗಳಿಕೆಯೂ ಇರುವುದಿಲ್ಲ, ಮಲ್ಪೆಯವರ ನಾಲ್ಕು ದಿನಗಳ ಹಾಗೆ. ದಿನನಿತ್ಯದ ತಿದ್ದುಪಡಿಗಾದರೆ, ಆಂಡ್ರಾಯ್ಡ್ ಫೋನಿನಲ್ಲಿ ಫೈರ್‌ಫಾಕ್ಸ್ ಹಾಕಿಕೊಂಡು ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ, ನಿಮ್ಮ ತಾಣವನ್ನು ಅದರಲ್ಲಿ ಮಾತ್ರ ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ವಿಪಿಎನ್ ಹಾಕಿ ನೋಡುತ್ತೇನೆ, ಆಗ ನಾನೆಂದು ಗೊತ್ತಾಗುವುದಿಲ್ಲ ಎಂದು ಕೆಲವರು ಸಲಹೆ ಕೊಡುವುದುಂಟು. ಅದನ್ನು ಕೇಳಬೇಡಿ. ಕೈತಪ್ಪಿದ ಕ್ಲಿಕ್ಕಿಗೆ ಮುಖವಾಡ ಹಾಕಿದರೆ ಅದು ಬೇಕೆಂದೇ ಮಾಡಿದ ಕ್ಲಿಕ್ಕಿನಂತೆ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಮ್ಮೊಬ್ಬರ ಹೆಬ್ಬೆರಳಿನ ಮಾತು. ನಿಜವಾಗಿ ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ. ತಾಣವನ್ನು ಕಟ್ಟಿಸಿದ, ಜಾಹೀರಾತು ಎಲ್ಲಿದೆಯೆಂದು ಚೆನ್ನಾಗಿ ಬಲ್ಲ ನಿಮ್ಮ ಕೈಯೇ ಒಂದು ನಿಮಿಷದಲ್ಲಿ ಎರಡು ಸಲ ತಪ್ಪಿತು ಎಂದಾದರೆ, ಸಂಜೆಯ ಮಬ್ಬಿನಲ್ಲಿ ಕನ್ನಡಕ ಹುಡುಕುತ್ತಾ "ಇವತ್ತು ಆಟ ಎಲ್ಲಿ" ಎಂದು ನೋಡುವ ಓದುಗರ ಕೈ ಎಷ್ಟು ಸಲ ತಪ್ಪುತ್ತಿರಬಹುದು? ಖಾತೆಗೆ ಅಪಾಯ ತರುವುದು ಅದು. ಓದುಗರು ಅರಿಯದೆ ಒತ್ತುವಂತೆ ಜಾಹೀರಾತುಗಳನ್ನು ಇಡುವುದು ನಿಯಮಕ್ಕೆ ವಿರುದ್ಧ. ಹಾಗೆ ಕಂಡುಬಂದ ಜಾಗಗಳಲ್ಲಿ ಗೂಗಲ್ ದೃಢೀಕೃತ ಕ್ಲಿಕ್ ಎಂಬ ಕ್ರಮವನ್ನು ಹೇರುತ್ತದೆ: ಜಾಹೀರಾತನ್ನು ಒತ್ತಿದರೆ ಕೂಡಲೇ ಅಂಗಡಿ ತೆರೆಯದೆ, ಹೋಗಬೇಕೇ ಎಂದು ಕೇಳುವ ಇನ್ನೊಂದು ಗುಂಡಿ ಬರುತ್ತದೆ. ಅನುಮಾನ ಇನ್ನೂ ಹೆಚ್ಚಾದರೆ ಇಡೀ ಖಾತೆಗೆ ಜಾಹೀರಾತು ಮಿತಿಯನ್ನು ಹಾಕುತ್ತಾರೆ, ಅಂದರೆ ತೋರಿಸುವ ಜಾಹೀರಾತುಗಳನ್ನೇ ಕಡಿಮೆ ಮಾಡುತ್ತಾರೆ. ಅದು ಸಾಮಾನ್ಯವಾಗಿ 30 ದಿನಗಳೊಳಗೆ ತೆರವಾಗುತ್ತದೆ, ಕೆಲವೊಮ್ಮೆ ಮುಂದುವರಿಯುವುದೂ ಉಂಟು. ಆರು ತಿಂಗಳ ತಿರುಗಾಟದಲ್ಲಿ ಒಂದು ತಿಂಗಳು ಹೋದರೆ ನಿಮಗೆ ಉಳಿಯುವುದೆಷ್ಟು ಎಂದು ನೀವೇ ಲೆಕ್ಕ ಹಾಕಿ.

ನಿಮ್ಮ ತಾಣವನ್ನು ಈಗಷ್ಟೇ ತೆರೆದು ನೋಡಿದೆ. ಪುಟ ತೆರೆದು ಒಂದೆರಡು ಕ್ಷಣಗಳಾದ ಮೇಲೆ ಮೇಲ್ಭಾಗದ ಜಾಹೀರಾತು ಬಂದು, ಅಲ್ಲಿಯವರೆಗೆ ಕಾಣುತ್ತಿದ್ದ ಪಟ್ಟಿಯನ್ನು ಕೆಳಕ್ಕೆ ತಳ್ಳುತ್ತದೆ. "ಸ್ಥಳದ ನಕ್ಷೆ" ಗುಂಡಿ ಇದ್ದ ಜಾಗಕ್ಕೆ ಸರಿಯಾಗಿ ಜಾಹೀರಾತು ಬಂದು ಕೂರುತ್ತದೆ. ಒತ್ತಲು ಹೊರಟ ಬೆರಳು ಹಿಂದಕ್ಕೆ ಬರುವುದಿಲ್ಲ. ಈ ಸರಿದಾಟವನ್ನು ಅಳೆಯುವ ಒಂದು ಅಂಕವಿದೆ, ಸಿಎಲ್‌ಎಸ್ ಎಂದು ಕರೆಯುತ್ತಾರೆ. 0.1 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯದು, 0.25 ಮೀರಿದರೆ ಕಳಪೆ. ಗೂಗಲ್‌ನ ಪರೀಕ್ಷಾ ತಾಣವಾದ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಮ್ಮ ವಿಳಾಸ ಕೊಟ್ಟು ನೋಡಿ. ಪರಿಹಾರ ಕಷ್ಟದ್ದಲ್ಲ: ಜಾಹೀರಾತು ಬರುವ ಜಾಗಕ್ಕೆ ಮೊದಲೇ ಕನಿಷ್ಠ ಎತ್ತರವನ್ನು ಕಾದಿರಿಸಿದರೆ, ಅದು ಬರಲಿ ಬಾರದಿರಲಿ, ಪಟ್ಟಿ ಕದಲುವುದಿಲ್ಲ. ಪಂಕ್ತಿಯಲ್ಲಿ ತಡವಾಗಿ ಬರುವವರಿಗಾಗಿ ಎಲೆ ಹಾಕಿಡುವ ಹಾಗೆ. ನಕ್ಷೆಯ ಗುಂಡಿಯನ್ನು ಜಾಹೀರಾತಿನಿಂದ ದೂರಕ್ಕೆ ಸರಿಸಿ. ಜಾಹೀರಾತಿನ ಮೇಲೆ "ಜಾಹೀರಾತು" ಎಂಬ ಹೆಸರು ಬಿಟ್ಟು "ಇದನ್ನೂ ನೋಡಿ" ಎಂಬಂಥ ಶೀರ್ಷಿಕೆ ಇರಲೇಬಾರದು. ನಿಮ್ಮ ಎರಡನೆಯ ಪುಟದಲ್ಲಿ ಅದು ಇದೆ, ಇಂದೇ ತೆಗೆಯಿರಿ.

ಛಾಯಾಚಿತ್ರ, ಮಲ್ಪೆ

ಪರದೆಯ ಅಡಿಯ ಆ ಅಂಟು ಜಾಹೀರಾತನ್ನೂ ತೆಗೆಯಬೇಕೆಂದು ಹೇಳುತ್ತೀರೋ? ಸ್ವಯಂಚಾಲಿತ ಜಾಹೀರಾತುಗಳ ವಿಭಾಗದಲ್ಲಿ ಅದೊಂದನ್ನೇ ಬೇರೆಯಾಗಿ ನಿಲ್ಲಿಸಬಹುದೆಂಬುದು ನನಗೆ ಗೊತ್ತು. ಆದರೆ ನನ್ನ ಗಳಿಕೆಯ ದೊಡ್ಡ ಪಾಲು ಬರುವುದು ಅದರಿಂದಲೇ. ಎಲ್ಲರಿಗೂ ತೆಗೆಯಿರಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಸರ್ವರ್ ಕೆಲಸ, ಸುರತ್ಕಲ್

ಎಲ್ಲರಿಗೂ ಹೇಳುವುದಿಲ್ಲ. ನಿಮ್ಮದು ಚಿತ್ರಗಳ ತಾಣ, ಜನ ಮೇಲಕ್ಕೆ ಕೆಳಕ್ಕೆ ಸರಿಸುತ್ತಾ ನೋಡುತ್ತಾರೆ, ಅಡಿಯಲ್ಲಿ ಒತ್ತುವಂಥದ್ದೇನೂ ಇಲ್ಲ. ಮೇಳದ ಪಟ್ಟಿಯಲ್ಲಿ ಹಿಂದಿನ ದಿನ, ಮುಂದಿನ ದಿನ ಎಂಬ ಗುಂಡಿಗಳು ಅಡಿಯಲ್ಲಿಯೇ ಇವೆ. ಒಂದೋ ಗುಂಡಿ ಮೇಲಕ್ಕೆ ಹೋಗಬೇಕು, ಇಲ್ಲವೇ ಜಾಹೀರಾತು ಹೋಗಬೇಕು.

ಮೇಳದ ಪಟ್ಟಿ, ಬ್ರಹ್ಮಾವರ

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ದಿನದ ಗುಂಡಿಗಳನ್ನು ಮೇಲಕ್ಕೆ ಒಯ್ದೆ, ಅಡಿಯ ಜಾಹೀರಾತನ್ನು ಉಳಿಸಿಕೊಂಡೆ. ಜಾಹೀರಾತಿನ ಜಾಗಕ್ಕೆ ಎತ್ತರ ಕಾದಿರಿಸಲು ಆ ವಿದ್ಯಾರ್ಥಿಗೆ ಹತ್ತು ನಿಮಿಷ ಸಾಕಾಯಿತು. ಸಿಎಲ್‌ಎಸ್ ಅಂಕ 0.31ರಿಂದ 0.06ಕ್ಕೆ ಇಳಿದಿದೆ. ಕ್ಲಿಕ್ಕುಗಳು ಕಡಿಮೆಯಾಗಿವೆ, ಅದು ನಿಜ. ಓದುಗರು ಪುಟದಲ್ಲಿ ಇರುವ ಹೊತ್ತು ಹೆಚ್ಚಾಗಿದೆ. ನಕ್ಷೆ ಒತ್ತಿದರೆ ಸೀರೆಯ ಅಂಗಡಿ ಬರುತ್ತದೆಯೆಂದು ದೂರುತ್ತಿದ್ದ ಹಿರಿಯರೊಬ್ಬರ ಫೋನ್ ಈಗ ನಿಂತಿದೆ.

ತಿಂಗಳ ಲೆಕ್ಕ ಅಂತಿಮವಾದಾಗ ಅಸಿಂಧು ಕ್ಲಿಕ್ಕುಗಳ ಹೆಸರಿನಲ್ಲಿ ಒಂದು ಡಾಲರಿಗೂ ಕಡಿಮೆ ಕಡಿತವಾಗಿತ್ತು. ಅಷ್ಟೇ. ಒಟ್ಟು ಮೊತ್ತ 100 ಡಾಲರಿನ ಗಡಿ ದಾಟಿದ್ದರಿಂದ 21ರಿಂದ 26ರೊಳಗೆ ಪಾವತಿಯಾಗಬೇಕಿತ್ತು. ಬ್ಯಾಂಕಿಗೆ ಹಣ ಬಂದಿದೆ.

ಪತ್ರೊಡೆ ಅಕ್ಕ, ಕದ್ರಿ

ಸಂತೋಷವಾಯಿತು. ನಮ್ಮ ದೊಡ್ಡಪ್ಪನವರು ಆಟದ ಮರುಳರು, ನಿಮ್ಮ ತಾಣದ ವಿಳಾಸ ಅವರಿಗೆ ಯಾರಿಂದಲೋ ಸಿಕ್ಕಿಬಿಟ್ಟಿದೆ, ದಿನವೂ ನೋಡುತ್ತಾರೆ. ನಿನ್ನೆ ಅವರನ್ನು ಕೂರಿಸಿಕೊಂಡು ಹಳೆಯ ಕಥೆಯನ್ನೆಲ್ಲ ಹೇಳಿದೆ. ಬಹಳ ಹೊತ್ತು ಮಾತನಾಡದೆ ಕುಳಿತರು. ಆಮೇಲೆ ಕನ್ನಡಕ ಹಾಕಿಕೊಂಡು, "ಹಾಗಾದರೆ ಈ ಹುಡುಗನ ತಾಣದಲ್ಲಿ ನಿನ್ನೆ ಒತ್ತಿದ್ದನ್ನು ಹಿಂದಕ್ಕೆ ತೆಗೆಯುವುದು ಹೇಗೆ?" ಎಂದು ಕೇಳಿದರು. ಒಂದೇ ಅಂತೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.